ಮಾಳದಿಂದ ಕಳಸಕ್ಕೆ, ಸೈಕಲ್ಲಿನಲ್ಲಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಮುಖ್ಯೋಪಾಧ್ಯಾಯರು ಫೋನ್ ಮಾಡಿದಾಗ, "ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಇರುವ ಅವಕಾಶಗಳ ಬಗ್ಗೆ ಹತ್ತು ನಿಮಿಷ ಮಾತಾಡಿ" ಎಂದಿದ್ದರು. ಆ ವಿಷಯ ಮಕ್ಕಳಿಗೆ ಮೊಬೈಲಿನಲ್ಲಿ ನನಗಿಂತ ಚೆನ್ನಾಗಿ ಸಿಗುತ್ತದೆ. ಕಳೆದ ನವೆಂಬರಿನಲ್ಲಿ ನಾನು ಕಾರ್ಕಳದಿಂದ ಕುದುರೆಮುಖದ ಕಾಡಿನ ಮೂಲಕ ಕಳಸಕ್ಕೆ ಸೈಕಲ್ ತುಳಿದುಕೊಂಡು ಬಂದೆ. ಅದನ್ನು ಹೇಳುತ್ತೇನೆ, ಸರ್ ಕ್ಷಮಿಸಬೇಕು.

ನಮ್ಮ ಕಡೆ ಸೈಕಲ್ಲಿಗೆ ಎಂದೂ ಮರ್ಯಾದೆ ಇರಲಿಲ್ಲ. ಬಯಲುಸೀಮೆಯವರು ಸೈಕಲ್ ಮೇಲೆ ಕೂತು ಹೋಗುತ್ತಾರೆ, ನಾವು ಪಕ್ಕದಲ್ಲಿ ನೂಕಿಕೊಂಡು ಹೋಗುತ್ತೇವೆ. ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ್ದು 2006-07ರಲ್ಲಿ. ನಮ್ಮ ಬ್ಯಾಚು ಎಸ್ಸೆಸ್ಸೆಲ್ಸಿ ಮುಗಿಸಿದ್ದು 2006ರ ಮಾರ್ಚಿನಲ್ಲಿ! ಆ ಹೊಟ್ಟೆಯುರಿ ನಮಗೆ ಇವತ್ತಿಗೂ ಇದೆ.

ಬೆಂಗಳೂರಿನಲ್ಲಿ ಬೆನ್ನುನೋವಿಗೆ ಔಷಧಿ ಎಂದು ಶುರುವಾದದ್ದು ನನ್ನ ಸೈಕಲ್ ಸವಾರಿ. ಗೇರ್ ಸೈಕಲ್ಲಿನ ಗುಟ್ಟು ಸರಳ. ಅಪ್ಪನ ಹಳೆಯ ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಗಾಡಿ 5 ಮೀಟರಿಗಿಂತ ಸ್ವಲ್ಪ ಹೆಚ್ಚು ಮುಂದೆ ಹೋಗುತ್ತದೆ. ಏರಿನಲ್ಲಿ ಅಷ್ಟು ಭಾರ ಕಾಲಿಗೆ ಆಗುವುದಿಲ್ಲ, ಅದಕ್ಕೇ ನೂಕುವುದು. ನನ್ನ ಸೈಕಲ್ಲಿನ ಎಲ್ಲಕ್ಕಿಂತ ಹಗುರ ಗೇರಿನಲ್ಲಿ, ಮುಂದೆ 34 ಹಲ್ಲು, ಹಿಂದೆ 32 ಹಲ್ಲು. ಒಂದು ಸುತ್ತಿಗೆ ಎರಡು ಮೀಟರಿಗಿಂತ ತುಸು ಹೆಚ್ಚು. ನಡೆಯುವವನಿಗಿಂತ ಸ್ವಲ್ಪ ಬೇಗ ಹೋಗಬಹುದು, ಆದರೆ ನಿಲ್ಲದೆ ಹೋಗಬಹುದು.

ಬೆಳಗಿನ ಜಾವ ಕಾರ್ಕಳ ಬಿಟ್ಟೆ. ಬಜಗೋಳಿಯಲ್ಲಿ ಎರಡು ಬನ್ಸ್, ಒಂದು ಚಹಾ. ಮಾಳದ ಚೆಕ್‌ಪೋಸ್ಟಿನಲ್ಲಿ ಒಂದು ತಮಾಷೆ. ಕಾಡಿನೊಳಗೆ ಹೋಗುವ ಗಾಡಿಗಳ ನಂಬರ್, ಹೊತ್ತು ಬರೆದುಕೊಳ್ಳುತ್ತಾರೆ, ನಡುವೆ ಎಲ್ಲೂ ನಿಲ್ಲಿಸಿ ಕಾಲ ಕಳೆಯುವಂತಿಲ್ಲ. ಅಲ್ಲಿದ್ದ ಅರಣ್ಯ ಇಲಾಖೆಯ ಹಿರಿಯರೊಬ್ಬರು ಪುಸ್ತಕ ತೆರೆದು ಸೈಕಲ್ಲಿನ ಹಿಂದೆ ಮುಂದೆ ನೋಡಿದರು. "ನಂಬರ್ ಎಂತ ಬರೆಯುವುದು?" ನಾನು ಹೆಸರು ಹೇಳಿದೆ. ಅದನ್ನೇ ನಂಬರಿನ ಜಾಗದಲ್ಲಿ ಬರೆದರು. "ಎಲ್ಲಿಗೆ?" ಎಂದಾಗ ಊರ ಹೆಸರು ಹೇಳಿದೆ. "ಓ, ಮನೆಗೆ ಹೋಗುವುದಾ? ಹಾಗಾದರೆ ಹೋಗಿ. ಕಾಟಿ ಸಿಕ್ಕಿದರೆ ಬೆಲ್ ಹೊಡೆಯಬೇಡಿ, ಸುಮ್ಮನೆ ನಿಂತುಬಿಡಿ" ಎಂದರು.

ಮಾಳದ ಘಾಟಿಯನ್ನು ನಾವೆಲ್ಲ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುತ್ತ ಹತ್ತಿದವರು. ನನಗಂತೂ ಕಿಟಕಿಯ ಸರಳು, ನಿಂಬೆಹಣ್ಣಿನ ವಾಸನೆ ಬಿಟ್ಟರೆ ಆ ಘಾಟಿಯ ನೆನಪೇ ಇರಲಿಲ್ಲ. ಸೈಕಲ್ಲಿನಲ್ಲಿ ಮೊದಲು ತಿಳಿಯುವುದು ನೀರು. ಮಳೆ ನಿಂತು ಎಷ್ಟು ದಿನವಾಗಿದ್ದರೂ ತಿರುವು ತಿರುವಿನಲ್ಲೂ ನೀರಿನ ಸದ್ದು. ತೊರೆಗಳನ್ನು ಎಣಿಸಲು ಹೋಗಿ, ಇಪ್ಪತ್ತಮೂರಕ್ಕೆ ಉಸಿರು ಸಾಲದೆ ಬಿಟ್ಟೆ. ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಬೀಳುವ ಜಾಗ ಅದು. ಗುಡ್ಡದ ನೆತ್ತಿಯಲ್ಲಿ ಹುಲ್ಲು, ಕಣಿವೆಯ ಮಡಿಲಲ್ಲಿ ಶೋಲಾ ಕಾಡು. ಹುಲ್ಲು ಮಣ್ಣನ್ನು ಹಿಡಿಯುತ್ತದೆ, ಕಾಡು ನೀರನ್ನು ಸ್ಪಂಜಿನಂತೆ ಹೀರಿಟ್ಟುಕೊಂಡು ಬೇಸಿಗೆಯವರೆಗೂ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಏಳನೇ ಕ್ಲಾಸಿನಲ್ಲೋ ಎಂಟರಲ್ಲೋ ಬಾಯಿಪಾಠ ಮಾಡಿದ್ದೆ. ಕಿವಿಯಲ್ಲಿ ಕೇಳಿದ್ದು ಮೂವತ್ತು ದಾಟಿದ ಮೇಲೆ.

ಎರಡನೆಯದು, ರಸ್ತೆಯ ಮೇಲೆ ಸತ್ತು ಬಿದ್ದದ್ದೆಲ್ಲ ಕಾಣುತ್ತದೆ. ಮೂರು ಹಾವು, ಲೆಕ್ಕವಿಲ್ಲದಷ್ಟು ಕಪ್ಪೆ. ಕಾರಿನಲ್ಲಿ ಎಷ್ಟೋ ಸಲ ಅದೇ ದಾರಿಯಲ್ಲಿ ಬಂದಿದ್ದೇನೆ, ಒಂದೂ ಕಂಡಿರಲಿಲ್ಲ. ಅವುಗಳಲ್ಲಿ ನನ್ನ ಚಕ್ರಕ್ಕೆ ಸಿಕ್ಕವು ಎಷ್ಟೋ.

ಎಸ್.ಕೆ. ಬಾರ್ಡರ್ ಮುಟ್ಟುವಾಗ ತೊಡೆ ನಡುಗುತ್ತಿತ್ತು. ಸೌತ್ ಕೆನರಾ ಜಿಲ್ಲೆಯ ಹೆಸರು ಬದಲಾಗಿ ಎಷ್ಟೋ ಕಾಲವಾಯಿತು, ಈ ಬಾರ್ಡರಿನಲ್ಲಿ ಮಾತ್ರ ಅದು ಉಳಿದಿದೆ. ಎಡಕ್ಕೆ ಕೆರೆಕಟ್ಟೆ, ಶೃಂಗೇರಿ. ಬಲಕ್ಕೆ ನಮ್ಮ ದಾರಿ. ಅಲ್ಲಿಯವರೆಗೆ ದಾರಿಯಲ್ಲಿ ಸಿಕ್ಕ ನೀರೆಲ್ಲ ಅರಬ್ಬೀ ಸಮುದ್ರಕ್ಕೆ. ಮುಂದೆ ಭದ್ರೆಗೆ ಸೇರುವುದು ಕೂಡ್ಲಿಯಲ್ಲಿ ತುಂಗೆಯನ್ನು ಕೂಡಿ, ಕೃಷ್ಣೆಗೆ ಹೋಗಿ, ಬಂಗಾಳ ಕೊಲ್ಲಿ. ಅದೇ ಗಂಗಾಮೂಲದಲ್ಲಿ ಹುಟ್ಟುವ ನೇತ್ರಾವತಿ ಮಾತ್ರ ಹಟಮಾರಿ, ಪಶ್ಚಿಮಕ್ಕೆ ಇಳಿಯುತ್ತಾಳೆ.

ಅಲ್ಲಿಂದ ಮುಂದೆ ರಸ್ತೆ ಏರಿಳಿಯುತ್ತ ಸಾಗುತ್ತದೆ. ಒಂದು ಕಡೆ ಮರದ ತುದಿ ಜೋರಾಗಿ ಅಲ್ಲಾಡಿತು. ಕಪ್ಪು ಮೈ, ಮುಖದ ಸುತ್ತ ಬೂದು ಕೂದಲಿನ ಚಕ್ರ, ಸಿಂಗಳೀಕ. ಎರಡೇ ಕ್ಷಣ, ಅಷ್ಟೇ. 1980ರ ದಶಕದಲ್ಲಿ ಉಲ್ಲಾಸ ಕಾರಂತರು ಈ ಕಾಡಿನಲ್ಲಿ ಸಿಂಗಳೀಕಗಳ ಸಮೀಕ್ಷೆ ಮಾಡಿದ್ದರು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಕಾಡು ರಾಷ್ಟ್ರೀಯ ಉದ್ಯಾನವಾಗಿ ಘೋಷಣೆಯಾಯಿತು. ಆದರೆ ಅಷ್ಟು ಹೊತ್ತಿಗೆ ಕಾಡಿನ ನಡುವೆ ಗಣಿ ನಡೆಯುತ್ತಿತ್ತು. 1976ರಲ್ಲಿ ಕಂಪನಿ ಹುಟ್ಟಿದ್ದು ಇರಾನಿಗೆ ಅದಿರು ಕಳಿಸಲು. ಅಲ್ಲಿ ಕ್ರಾಂತಿಯಾಗಿ ಆ ಒಪ್ಪಂದ ಮುರಿದರೂ ಗಣಿ ನಿಲ್ಲಲಿಲ್ಲ. ಅದಿರನ್ನು ಪುಡಿ ಮಾಡಿ, ನೀರಿಗೆ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಇಂಜಿನಿಯರ್ ಆಗಿ ಹೇಳುತ್ತೇನೆ, ಅದು ಸಣ್ಣ ಕೆಲಸವಲ್ಲ. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ಇಂದಿಗೂ ಇದೆ.

ಕುದುರೆಮುಖ ಟೌನ್‌ಶಿಪ್ಪಿಗೆ ಬಂದಾಗ ಹತ್ತೂವರೆ. ನಾನು ನಿಜವಾಗಿ ಹೇಳಬೇಕೆಂದಿದ್ದು ಇಲ್ಲಿಂದ ಮುಂದಿನದು.

ನಮ್ಮ ಕ್ಲಾಸಿನಲ್ಲಿ ಒಬ್ಬ ಗೆಳೆಯನಿದ್ದ. ಹೆಸರು ಹೇಳುವುದಿಲ್ಲ, ನಮ್ಮ ಬ್ಯಾಚಿನವರಿಗೆ ಗೊತ್ತಾಗುತ್ತದೆ. ಅವನ ಅಪ್ಪನದು ಕುದುರೆಮುಖದಲ್ಲಿ ರಸ್ತೆ ಬದಿ ಚಿಕ್ಕ ಹೋಟೆಲು, ಗಣಿ ಕೆಲಸದವರನ್ನೇ ನಂಬಿದ್ದು. ಅಲ್ಲಿಂದ ಬಸ್ಸಿನಲ್ಲಿ ಬರುತ್ತಿದ್ದ. ಅವನ ಬುತ್ತಿಯ ಪರೋಟವನ್ನು ಅವನಿಗಿಂತ ಹೆಚ್ಚು ತಿಂದವನು ನಾನು.

ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2002ರ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟಿತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಲ್ಲಬೇಕು. ಆ ವರ್ಷದ ನವೆಂಬರಿನಲ್ಲಿ, ರಾಜ್ಯೋತ್ಸವಕ್ಕೆ, ಇದೇ ಸಭಾಂಗಣದಲ್ಲಿ ಚರ್ಚಾಸ್ಪರ್ಧೆ. ವಿಷಯ, ಗಣಿ ಬೇಕೋ ಬೇಡವೋ. ನಾನು ಬೇಡ ಎಂಬ ಕಡೆ. ಪತ್ರಿಕೆ ಓದಿ, ಭದ್ರೆಯ ಹೂಳು, ಕಾಡು, ಸಿಂಗಳೀಕ ಎಲ್ಲ ಹೇಳಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಚಪ್ಪಾಳೆ ಬೀಳುತ್ತಿತ್ತು ನೋಡಿ, "ನಾಲ್ಕು ಜನರ ಹೋಟೆಲ್ ಮುಚ್ಚುತ್ತದೆ ಎಂದು ನದಿಯನ್ನು ಕೊಲ್ಲಬೇಕೇ?" ಎಂದುಬಿಟ್ಟೆ. ಅವನು ಮೂರನೇ ಸಾಲಿನಲ್ಲಿ ಕೂತಿದ್ದ. ನನಗೆ ಮೊದಲ ಬಹುಮಾನ, ಒಂದು ಸ್ಟೀಲ್ ಲೋಟ.

ಮರುದಿನದಿಂದ ಅವನು ಬೇರೆ ಬೆಂಚಿನಲ್ಲಿ ಕೂತ. ಜನವರಿಯಲ್ಲಿ ಮನೆ ಸಾಮಾನು ಕಟ್ಟಿಕೊಂಡು ಹೋದರು. ಪರೀಕ್ಷೆ ಬರೆಯಲು ಬಂದಾಗಲೂ ನಾನು ಮಾತಾಡಿಸಲಿಲ್ಲ. ನಾಚಿಕೆಯೋ ಅಹಂಕಾರವೋ, ಆ ವಯಸ್ಸಿನಲ್ಲಿ ಎರಡೂ ಒಂದೇ ಥರ ಇರುತ್ತವೆ.

ಟೌನ್‌ಶಿಪ್ಪಿನಲ್ಲಿ ಈಗ ಖಾಲಿ ಮನೆಗಳು, ಗೋಡೆಯೆಲ್ಲ ಪಾಚಿ. ಗೇಟು, ದಾರಿದೀಪದ ಕಂಬ, ಸಾಲುಮನೆ, ಎಲ್ಲ ಇದೆ, ಒಣಗುವ ಬಟ್ಟೆ ಇಲ್ಲ. ಅವರ ಹೋಟೆಲಿದ್ದ ಜಾಗ ಹುಡುಕಿದೆ. ಸಿಮೆಂಟಿನ ಮೂರು ಮೆಟ್ಟಿಲು ಸಿಕ್ಕವು. ಅದೇ ಎಂದು ಖಾತ್ರಿ ಇರಲಿಲ್ಲ.

ಮಹೋತ್ಸವದ ವಾಟ್ಸಾಪ್ ಗುಂಪಿನಲ್ಲಿ ಅವನ ನಂಬರ್ ಬಂದು ಎರಡು ತಿಂಗಳಾಗಿತ್ತು, ನಾನು ನೋಡಿಕೊಂಡೇ ಇದ್ದೆ. ಅಲ್ಲಿ ಸಿಗ್ನಲ್ ಒಂದು ಗೆರೆ. ಮೆಟ್ಟಿಲಿನ ಚಿತ್ರ ತೆಗೆದು ಕಳಿಸಿ, ಮತ್ತೆ ಸೈಕಲ್ ಹತ್ತಿದೆ. ಕೆಳಗೆ ಭದ್ರೆ ಜೊತೆಯಲ್ಲೇ ಹರಿಯುತ್ತಿದ್ದಳು. ತಿಳಿನೀರು, ತಳದ ಕಲ್ಲು ಕಾಣುವಷ್ಟು. ಅಂದು ನಾನು ಹೇಳಿದ ವಾದ ತಪ್ಪಾಗಿತ್ತು ಎಂದು ಇವತ್ತಿಗೂ ಅನ್ನಿಸುವುದಿಲ್ಲ. ಆ ಒಂದು ವಾಕ್ಯ ತಪ್ಪಾಗಿತ್ತು.

ಸಂಸೆಯ ಚಹಾ ತೋಟದ ಹತ್ತಿರ ಫೋನ್ ಹೊಡೆಯಿತು.

"ಎಂತ ಮಾರಾಯ, ಅದು ನಮ್ಮ ಮೆಟ್ಟಿಲಲ್ಲ, ಪಕ್ಕದ ಸಲೂನಿನದ್ದು. ನಮ್ಮದಕ್ಕೆ ನಾಲ್ಕು ಮೆಟ್ಟಿಲು."

ಅರ್ಧ ಗಂಟೆ ರಸ್ತೆ ಬದಿ ನಿಂತು ಮಾತಾಡಿದೆ. ಬೇರೆ ಊರಿನಲ್ಲಿ ಹೋಟೆಲು ಹಾಕಿದ್ದಾರೆ, ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಲೋಟದ ವಿಷಯ ನಾನೇ ಎತ್ತಿದೆ, ತಪ್ಪಾಯಿತು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಪ್ಪನಿಗೆ ನಾನು ಹೇಳಿರಲಿಲ್ಲ" ಎಂದ. ಆಮೇಲೆ ಸೈಕಲ್ಲಿಗೆ ಎಷ್ಟು ಕೊಟ್ಟೆ ಎಂದು ಕೇಳಿದ. ಹೇಳಿದೆ. ಆ ದುಡ್ಡಿಗೆ ಬೈಕೇ ಬರುತ್ತಿತ್ತಲ್ಲ ಎಂದು ಬೈದ.

ಇವತ್ತು ಬಂದಿದ್ದಾನೆ. ಅಡುಗೆ ಮನೆಯಲ್ಲಿ ಬಾಣಸಿಗರ ಜೊತೆ ನಿಂತಿದ್ದಾನೆ, ಮಧ್ಯಾಹ್ನದ ಪಾಯಸ ಅವನ ಜವಾಬ್ದಾರಿ. ನಾನು ಮಾತು ಮುಗಿಸದೆ ಎಲೆ ಹಾಕುವುದಿಲ್ಲವಂತೆ.