ಹಾಜರಿ ಪುಸ್ತಕದಲ್ಲಿ ಇಲ್ಲದ ಉತ್ತರ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳು)



ಇಲ್ಲಿ ಹತ್ತನೆಯ ತರಗತಿ ಮುಗಿಸಿ, ಮುಂದೆ ಬಿ.ಇ. ಓದಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. "ದಿನಾಲೂ ಕಂಪ್ಯೂಟರ್ ಮುಂದ ಕುಂತು ಏನ್ ಮಾಡ್ತಿ?" ಎಂದು ಊರಿಗೆ ಬಂದಾಗಲೆಲ್ಲ ಕೇಳುತ್ತಾರೆ. ಇಂದು ಅದರಲ್ಲಿ ಒಂದನ್ನು ಹೇಳುತ್ತೇನೆ.

ನಮ್ಮಲ್ಲಿ ಒಂದು ಪ್ರಾಜೆಕ್ಟ್ ಎಂದರೆ ನೂರಾರು ಸಣ್ಣ ಕೆಲಸಗಳು. ಪ್ರತಿಯೊಂದಕ್ಕೂ ಒಂದು ಟಿಕೆಟ್. ಕೆಲಸ ಏನು, ಯಾರದು, ಯಾವ ತಾರೀಖಿಗೆ ಮುಗಿಯಬೇಕು, ಎಲ್ಲಿಗೆ ಬಂತು ಎಂಬುದೆಲ್ಲ ಜಿರಾದಂಥ ತಂತ್ರಾಂಶದಲ್ಲಿ ದಾಖಲಾಗುತ್ತದೆ. ಮೊದಲು ಅದರಿಂದ ಸಂಕೀರ್ಣ ಮಾಹಿತಿ ತೆಗೆಯಲು ಅದರದೇ ಪ್ರಶ್ನಾಭಾಷೆ ಕಲಿಯಬೇಕಿತ್ತು. ಈಗ ಎಐ ಸಹಾಯಕವನ್ನು ಅದಕ್ಕೆ ಜೋಡಿಸುತ್ತೇವೆ. 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಸಂಸ್ಥೆ 'ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್' ಎಂಬ ಮುಕ್ತ ಮಾನದಂಡ ಹೊರತಂದ ಮೇಲೆ ಈ ಜೋಡಣೆ ಸುಲಭವಾಯಿತು. ನಾವು ಆಡುಮಾತಿನಲ್ಲಿ ಕೇಳುತ್ತೇವೆ; ಅದು ನಮ್ಮ ಮಾತನ್ನು ಪ್ರಶ್ನಾಭಾಷೆಗೆ ತಿರುಗಿಸಿ, ದಾಖಲೆ ಹುಡುಕಿ ಉತ್ತರ ಕೊಡುತ್ತದೆ.

ಒಂದು ಸೋಮವಾರ ನಾನು ಕೇಳಿದೆ: "ತಡವಾಗಿರುವ ಕೆಲಸ ಯಾವುವು?" "ಯಾವುದೂ ಇಲ್ಲ" ಎಂದಿತು. ಅದನ್ನೇ ನಂಬಿ ಗ್ರಾಹಕರಿಗೆ ಹೇಳಿಬಿಟ್ಟೆ. ಗುರುವಾರ ನೋಡಿದರೆ ಎರಡು ಮುಖ್ಯ ಕೆಲಸ ಅರ್ಧಕ್ಕೇ ನಿಂತಿದ್ದವು. ಯಂತ್ರ ಸುಳ್ಳು ಹೇಳಿರಲಿಲ್ಲ. ತಾರೀಖು ದಾಟಿದ ಕೆಲಸಗಳನ್ನಷ್ಟೇ ಅದು ಹುಡುಕಿತ್ತು. ಆ ಎರಡಕ್ಕೆ ತಾರೀಖನ್ನೇ ಹಾಕಿರಲಿಲ್ಲ. ಹಾಕಬೇಕಾದವನು ನಾನೇ. ಆದರೆ ಆ ಕೆಲಸ ಮಾಡುತ್ತಿದ್ದ ಹೊಸ ಹುಡುಗಿಯ ಮೇಲೆ ತಪ್ಪು ಬೀಳುವುದರಲ್ಲಿತ್ತು. ಸಭೆಯಲ್ಲಿ ಎದ್ದು ನಿಂತು, ತಪ್ಪು ನನ್ನದೆಂದು ಒಪ್ಪಿಕೊಂಡೆ.

ಆ ರಾತ್ರಿ ಈ ಶಾಲೆಯ ಹಾಜರಿ ಪುಸ್ತಕ ನೆನಪಾಯಿತು. ತೊಗರಿ ರಾಶಿಯ ದಿನಗಳಲ್ಲಿ ನಾಲ್ಕಾರು ಹುಡುಗರು ಶಾಲೆಗೆ ಬರುತ್ತಿರಲಿಲ್ಲ. ಪುಸ್ತಕದಲ್ಲಿ ಅದು 'ಗೈರು' ಅಷ್ಟೇ. ನಮ್ಮ ಸರ್ ಪುಸ್ತಕ ಮುಚ್ಚಿ, ಪಕ್ಕದಲ್ಲಿ ಕೂರುವವನನ್ನು "ಅಂವ ಯಾಕ ಬಂದಿಲ್ಲೋ?" ಎಂದು ಕೇಳುತ್ತಿದ್ದರು. ಸಂಜೆ ಮನೆಗೂ ಹೋಗುತ್ತಿದ್ದರು. ಹಾಗೆ ಶಾಲೆಗೆ ಮರಳಿದವರಲ್ಲಿ ನಾನೂ ಒಬ್ಬ.

ಈಗ ನಾನು ಎಐಗೆ ಮೊದಲು ಕೇಳುವುದೇ ಬೇರೆ: "ತಾರೀಖು ಹಾಕದ ಕೆಲಸ ಯಾವುವು? ವಾರದಿಂದ ಯಾರೂ ಮುಟ್ಟದ ಟಿಕೆಟ್ ಯಾವುವು?" ಉತ್ತರದ ಜೊತೆ ಟಿಕೆಟ್ ಸಂಖ್ಯೆಯನ್ನೂ ಕೇಳಿ, ತೆರೆದು ನೋಡುತ್ತೇನೆ. ಆಮೇಲೆ ಆ ಕೆಲಸ ಮಾಡುವವರ ಹತ್ತಿರ ಹೋಗಿ ಮಾತಾಡುತ್ತೇನೆ.

ಮಕ್ಕಳೇ, ನೀವು ಇನ್ನೂ ಜಾಣ ಯಂತ್ರಗಳ ನಡುವೆ ಬೆಳೆಯುತ್ತೀರಿ. ಕನ್ನಡದಲ್ಲೇ ಕೇಳಿ, ಅವು ಉತ್ತರಿಸುತ್ತವೆ. ಆದರೆ ನಮ್ಮ ಕೆಲಸದ ಬಗ್ಗೆ ನಾವು ಬರೆದಿಡದ್ದನ್ನು ಅವು ಅರಿಯವು. ಆದ್ದರಿಂದ ಪ್ರಾಮಾಣಿಕವಾಗಿ ಬರೆದಿಡಿ. ಉತ್ತರ ಬಂದ ಮೇಲೂ ಇನ್ನೊಂದು ಪ್ರಶ್ನೆ ಕೇಳಿ. ಅನುಭವ ಮಂಟಪದ ಕಲ್ಯಾಣ ನಮ್ಮ ಪಕ್ಕದಲ್ಲೇ ಇದೆ. ಪ್ರಶ್ನೆ ಕೇಳಲು ನಾವು ನಾಚಬಾರದು.

ಗೈರಾಗಿದ್ದ ನನ್ನನ್ನು ಹಾಜರಿಗೆ ತಂದ ಗುರುಗಳಿಗೆ ನಮಸ್ಕರಿಸಿ ನನ್ನ ಮಾತು ಮುಗಿಸುತ್ತೇನೆ. ಶರಣು.