ಗಣಿಯ ತಳದ ಒರೆಗಲ್ಲು

ಎಲ್ಲವೂ ಒಂದೇ ಎಂಬ ಮಾತು ಅದ್ವೈತದ ನಾಡಿನವರಾದ ನಮಗೆ ಹೊಸದಲ್ಲ. ಭೌತವಿಜ್ಞಾನಿಯೂ ಅದನ್ನೇ ಹಂಬಲಿಸುತ್ತಾನೆ. ಆದರೆ ಆತ ಸಾಕ್ಷ್ಯವನ್ನು ಕೇಳುತ್ತಾನೆ.

ವಿದ್ಯುತ್ತೂ ಕಾಂತತ್ವವೂ ಒಂದೇ ಬಲದ ಎರಡು ಮುಖಗಳೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಮ್ಯಾಕ್ಸ್‌ವೆಲ್ ತೋರಿಸಿದನು. ಬೀಟಾ ವಿಕಿರಣಕ್ಕೆ ಕಾರಣವಾದ ದುರ್ಬಲ ಬಲವನ್ನು ಅದರೊಡನೆ ಬೆಸೆದ ಗ್ಲಾಷೊ, ಸಲಾಂ, ವೈನ್‌ಬರ್ಗ್ ಅವರಿಗೆ 1979ರ ನೊಬೆಲ್ ಪಾರಿತೋಷಕ ಸಂದಿತು. ಪರಮಾಣುವಿನ ಬೀಜವನ್ನು ಬಿಗಿದಿಡುವ ಪ್ರಬಲ ಬಲ ಮತ್ತು ಗುರುತ್ವ, ಇವೆರಡು ಹೊರಗುಳಿದುವು.

ಪ್ರಬಲ ಬಲವನ್ನೂ ಒಳಗೊಳ್ಳುವ ಸಿದ್ಧಾಂತಗಳು 1974ರ ಸುಮಾರಿಗೆ ಬಂದವು. ಅವುಗಳ ಪ್ರಕಾರ, ಅಳಿವಿಲ್ಲದ್ದೆಂದು ಬಗೆದಿದ್ದ ಪ್ರೋಟಾನು ಕೂಡ ಎಂದಾದರೊಮ್ಮೆ ಒಡೆಯಬೇಕು. ಆ ಅಳಿವನ್ನು ಗುರುತಿಸಲು, ವಿಶ್ವಕಿರಣಗಳ ಗದ್ದಲದಿಂದ ದೂರವಾಗಿ, ಕೋಲಾರದ ಚಿನ್ನದ ಗಣಿಯಲ್ಲಿ ಸುಮಾರು 2,300 ಮೀಟರ್ ಆಳದಲ್ಲಿ ಭಾರತ ಮತ್ತು ಜಪಾನಿನ ವಿಜ್ಞಾನಿಗಳು 1980ರಲ್ಲಿ 140 ಟನ್ ತೂಕದ ಉಪಕರಣವನ್ನು ಹೂಡಿದರು. ಕೆಲವು ಗುರುತುಗಳು ಕಂಡವು. ಬೇರೆಡೆಯ ಇನ್ನೂ ದೊಡ್ಡ ಉಪಕರಣಗಳು ಅವನ್ನು ಸಮರ್ಥಿಸಲಿಲ್ಲ. ಜಪಾನಿನಲ್ಲಿ 50,000 ಟನ್ ನೀರಿನ ತೊಟ್ಟಿಯೊಂದನ್ನು 1996ರಿಂದ ಕಾಯುತ್ತ ಬಂದರೂ ಪ್ರೋಟಾನಿನ ಅಳಿವು ಕಂಡಿಲ್ಲ.

ಅತ್ಯಂತ ಸರಳವಾಗಿದ್ದ ಸಿದ್ಧಾಂತವು ಈ ಮೌನದೆದುರು ನಿಲ್ಲಲಿಲ್ಲ. ಚೆಲುವೇ ಸತ್ಯವೆಂದು ನಂಬುವ ಸಾಹಿತ್ಯಪ್ರಿಯರಿಗೆ ಇದು ಕಹಿಯೆನಿಸಬಹುದು. ಆದರೆ ಚೆಲುವಾದ ಮಾತನ್ನು ಗಣಿಯ ತಳಕ್ಕಿಳಿಸಿ ಒರೆಗೆ ಹಚ್ಚಿದ ಆ ನಿಷ್ಠೆಯೇ ನನಗೆ ಹೆಚ್ಚು ಚೆಲುವಾಗಿ ಕಾಣುತ್ತದೆ.