ಎಲಿಯಾ ಕೋರ್ತಿ: ಬ್ಯಾರಿಗೆ ಬಂದ ಕಲ್ಲುಕೆಲಸಗಾರ

ಅಮೆರಿಕದ ವರ್ಮಾಂಟ್ ರಾಜ್ಯದ ಬ್ಯಾರಿ ಎಂಬ ಪುಟ್ಟ ಊರಿನಲ್ಲಿ ಕವಿ ರಾಬರ್ಟ್ ಬರ್ನ್ಸ್ ಅವರ ಗ್ರಾನೈಟ್ ಪ್ರತಿಮೆಯಿದೆ. ಅಲ್ಲಿ ನೆಲೆಸಿದ್ದ ಸ್ಕಾಟಿಷ್ ಜನ 1899ರಲ್ಲಿ ನಿಲ್ಲಿಸಿದ್ದು. ಮೂರ್ತಿ ಕೆತ್ತಿದವರು ಸ್ಯಾಮ್ಯುಯೆಲ್ ನೊವೆಲ್ಲಿ, ಪೀಠದ ಉಬ್ಬುಶಿಲ್ಪಗಳು ಎಲಿಯಾ ಕೋರ್ತಿ ಅವರವು. ಇಬ್ಬರೂ ಇಟಲಿಯಿಂದ ಹೊಟ್ಟೆಪಾಡಿಗೆ ಬಂದವರು.

ಕೋರ್ತಿ ಲೊಂಬಾರ್ಡಿಯ ವಿಜ್ಜೂ ಊರಿನವರು. ಅಲ್ಲಿ ತಲೆಮಾರುಗಳಿಂದ ಕಲ್ಲುಕೆಲಸವೇ ಕಸುಬು. ಆದರೆ ಬ್ಯಾರಿಯ ಬೂದು ಗ್ರಾನೈಟ್ ಅಮೃತಶಿಲೆಯಂತೆ ಉಳಿಗೆ ಮಣಿಯುವುದಲ್ಲ. ಪೆಟ್ಟು ಬಿದ್ದರೆ ಹರಳು ಹರಳಾಗಿ ಸಿಡಿಯುತ್ತದೆ. ಒಂದು ಬಟ್ಟೆಯ ಮಡಿಕೆ ಬರಬೇಕಾದರೂ ಕಲ್ಲನ್ನು ಜಜ್ಜಿ ಜಜ್ಜಿ, ಪುಡಿ ಮಾಡಿಯೇ ಇಳಿಸಬೇಕು. ಅಂಥ ಕಲ್ಲಿನಲ್ಲಿ ಬರ್ನ್ಸ್ ಕವಿತೆಗಳ ದೃಶ್ಯಗಳನ್ನು ಕಡೆದಾಗ ಅವರಿಗೆ ಸುಮಾರು ಮೂವತ್ತು ವರ್ಷ.

1903ರ ಅಕ್ಟೋಬರ್ 3ರ ಸಂಜೆ, ಊರಿನ ಇಟಾಲಿಯನ್ ಕೆಲಸಗಾರರು ತಾವೇ ಕಟ್ಟಿಕೊಂಡಿದ್ದ ಕಾರ್ಮಿಕ ಭವನದಲ್ಲಿ ಸಮಾಜವಾದಿಗಳಿಗೂ ಅರಾಜಕತಾವಾದಿಗಳಿಗೂ ಜಗಳ ಹತ್ತಿತು. ಅಂದು ಅಲ್ಲಿ ಭಾಷಣ ಮಾಡಬೇಕಿದ್ದವರು ಇನ್ನೂ ಬಂದಿರಲಿಲ್ಲ. ಗುಂಡು ಹಾರಿತು, ತಗುಲಿದ್ದು ಕೋರ್ತಿಗೆ. ಮರುದಿನ ತೀರಿಕೊಂಡರು. ವಯಸ್ಸು 34.

ಅವರ ಸೋದರ ವಿಲಿಯಂ ಮತ್ತು ಭಾವಮೈದುನ ಜಾನ್ ಕೋಮಿ ಸೇರಿ ಹೋಪ್ ಸ್ಮಶಾನದ ಸಮಾಧಿಗಾಗಿ ಒಂದೇ ಬಂಡೆಯಿಂದ ಅವರ ಆಳೆತ್ತರದ ಮೂರ್ತಿ ಕಡೆದರು. ಕೋಟು, ಬೋ ಟೈ ತೊಟ್ಟು, ತಲೆಗೆ ಕೈಯಾನಿಸಿ ಕೂತಿದ್ದಾರೆ. ಕಾಲ ಬಳಿ ಕೈವಾರ, ಮೂಲೆಮಟ್ಟ, ಸುತ್ತಿಗೆ, ಜೊತೆಗೆ ಆಗಷ್ಟೇ ಬಳಕೆಗೆ ಬಂದಿದ್ದ, ಗಾಳಿಯ ಒತ್ತಡದಿಂದ ನಡೆಯುವ ಉಪಕರಣ.

ಈ ಕೊನೆಯದರ ಬಗ್ಗೆ ಒಂದು ಮಾತು ಹೇಳಲೇಬೇಕು. ನಾಜೂಕಿನ ಕೆಲಸವನ್ನು ಬೇಗ ಮುಗಿಸಿಕೊಟ್ಟ ಆ ಉಪಕರಣವೇ ಗಂಟೆಗಟ್ಟಲೆ ಸಣ್ಣ ದೂಳನ್ನು ಮುಖಕ್ಕೆ ಎರಚುತ್ತಿತ್ತು. ಚಳಿಗಾಲದಲ್ಲಿ ಬಾಗಿಲು ಮುಚ್ಚಿದ ಶೆಡ್ಡುಗಳಲ್ಲಿ ಅದನ್ನೇ ಉಸಿರಾಡಿ ಎಷ್ಟೋ ಜನ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಹಿಡಿದು ನಡುವಯಸ್ಸಿನಲ್ಲೇ ಸತ್ತರು. ದೂಳು ಹೀರುವ ಯಂತ್ರಗಳು ಎಲ್ಲೆಡೆ ಬಂದದ್ದು 1930ರ ದಶಕದ ಕೊನೆಗೆ. ಅದಕ್ಕಾಗಿ ಹೋರಾಡಿದ ಕಲ್ಲುಕೆಲಸಗಾರ ಲೂಯಿ ಬ್ರೂಸಾ ಕೂಡ 1937ರಲ್ಲಿ ಅದೇ ರೋಗಕ್ಕೆ ಬಲಿಯಾದರು.

ಬ್ಯಾರಿಗೆ ಹೋದವರು ಕೋರ್ತಿಯ ಸಮಾಧಿಯ ಮುಂದೆ ಬಹಳ ಹೊತ್ತು ನಿಲ್ಲುತ್ತಾರೆ. ನಿಲ್ಲಲಿ, ಅದು ಅಪೂರ್ವ ಕೆಲಸವೇ. ಆದರೆ ಅದು ಅವರ ಬಂಧುಗಳ ಕೈಕೆಲಸ, ಅವರ ಸಾವಿನ ಕಥೆ. ಕೋರ್ತಿ ಎಂಥ ಶಿಲ್ಪಿ ಎಂದು ತಿಳಿಯಬೇಕಾದವರು ಬರ್ನ್ಸ್ ಪ್ರತಿಮೆಯ ಬುಡಕ್ಕೆ ಹೋಗಿ, ಬಗ್ಗಿ, ಪೀಠದ ಫಲಕಗಳನ್ನು ನೋಡಬೇಕು.